ಮೂರರಲ್ಲಿ ಒಂದು ಮೀನು

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾಗುವುದು ಹೆಚ್ಚಾಗಿ ರಮೇಶ ಮಾವನಿಂದಲೇ. ಈ ಭಾನುವಾರವೂ ಹಾಗೇ ಆಯಿತು. ಬೆಳಗ್ಗೆ 6.40ಕ್ಕೆ ಒಂದು ಫಾರ್ವರ್ಡ್ ಬಂತು. ರಾತ್ರಿ ಹೊತ್ತಿಗೆ ನೂರಕ್ಕೂ ಜಾಸ್ತಿ ಮೆಸೇಜು. ಗುಡ್ ಮಾರ್ನಿಂಗ್ ಹೂವು, ನಡುವೆ ಬಂದ ಹುಟ್ಟುಹಬ್ಬದ ಹಾರೈಕೆ ಎಲ್ಲ ತೆಗೆದು ಜಗಳವನ್ನಷ್ಟೇ ಇಲ್ಲಿ ಇಟ್ಟಿದ್ದೇನೆ.

ರಮೇಶ ಮಾವ: ಎಚ್ಚರ!! ನೀವು ತಿನ್ನುವ ಪ್ರತಿ ಮೂರು ಮೀನಿನಲ್ಲಿ ಒಂದು ನಕಲಿ! ಡಿಎನ್‌ಎ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿದೆ! ಹೋಟೆಲ್‌ನವರು ಇದನ್ನು ಮುಚ್ಚಿಡುತ್ತಿದ್ದಾರೆ! ನಿಮ್ಮವರಿಗೆಲ್ಲ ಕಳಿಸಿ!

ದೊಡ್ಡಮ್ಮ: ನಕಲಿ ಅಂದರೆ? ಪ್ಲಾಸ್ಟಿಕ್ಕಾ?

ವಿನಯ್: ಅಲ್ಲ ಅತ್ತೆ. ಮೀನು ನಿಜವಾದ ಮೀನೇ. ಹೆಸರು ಮಾತ್ರ ಸುಳ್ಳು.

ದೊಡ್ಡಮ್ಮ: ಅಷ್ಟೇನಾ. ಸುಮ್ನೆ ಹೆದರಿಸಿದ ಇವನು. ಹಾಗಾದರೆ ತಿನ್ನಬಹುದು ತಾನೇ?

ರಮೇಶ ಮಾವ: ಅಷ್ಟೇನಾ ಅಂತೀಯಲ್ಲ ಅಕ್ಕ! ದುಡ್ಡು ಕೊಟ್ಟಿದ್ದು ಒಂದಕ್ಕೆ, ತಟ್ಟೆಗೆ ಬಂದಿದ್ದು ಇನ್ನೊಂದು. ಮೋಸ ಅಲ್ವಾ?

ಇಲ್ಲಿಗೆ ಗೀತಕ್ಕ ಎದ್ದಳು. ಅವಳು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಾಳೆ. ತಪ್ಪು ಕಂಡರೆ ಸುಮ್ಮನಿರುವುದು ಅವಳಿಂದಾಗದು, ಭಾನುವಾರವಾದರೂ.

ಗೀತಕ್ಕ: ಮಾವ, ಇದು 2013ರ ಸುದ್ದಿ. ಓಷಿಯಾನ ಎಂಬ ಸಮುದ್ರ ಸಂರಕ್ಷಣಾ ಸಂಸ್ಥೆಯ ವರದಿ. 2010ರಿಂದ 2012ರವರೆಗೆ ಅಮೆರಿಕದ 21 ರಾಜ್ಯಗಳಲ್ಲಿ 1,215 ಮಾದರಿ ತಂದು ಪರೀಕ್ಷಿಸಿದ್ದರು. ನೂರಕ್ಕೆ 33ರ ಹೆಸರು ತಪ್ಪಿತ್ತು. ನಿಮ್ಮ ಫಾರ್ವರ್ಡ್‌ನಲ್ಲಿ ದೇಶವೂ ಇಲ್ಲ, ವರ್ಷವೂ ಇಲ್ಲ.

ರಮೇಶ ಮಾವ: ಮೂರನೇ ಒಂದು ಭಾಗ ಅಂತೂ ನಿಜ ತಾನೇ? ಸಂಖ್ಯೆ ಸರಿ ಇದೆಯಲ್ಲ.

ಗೀತಕ್ಕ: ಸಂಖ್ಯೆ ಸರಿ. ಅರ್ಥ ತಪ್ಪು. ಅವರು ಕಣ್ಣು ಮುಚ್ಚಿ ಎಲ್ಲ ಮೀನನ್ನೂ ಆರಿಸಲಿಲ್ಲ. ಯಾವುದರಲ್ಲಿ ಹೆಸರು ಅದಲುಬದಲಾಗುತ್ತದೆ ಎಂದು ಮೊದಲೇ ಅನುಮಾನ ಇತ್ತೋ, ಅಂಥದ್ದನ್ನೇ ಹುಡುಕಿ ಕೊಂಡರು. ಹುಳುಕು ಇರಬಹುದು ಅನ್ನಿಸಿದ ಹಣ್ಣನ್ನೇ ಆರಿಸಿ ಕೊಯ್ದು ನೋಡಿ, ತೋಟದ ಮೂರನೇ ಒಂದು ಪಾಲು ಹುಳ ಬಿದ್ದಿದೆ ಅಂದ ಹಾಗೆ.

ವಿನಯ್: ಆದರೆ ಗೀತಕ್ಕ, ಒಳಗಿನ ಅಂಕಿ ಇನ್ನೂ ಕೆಟ್ಟದಾಗಿದೆ. ರೆಡ್ ಸ್ನ್ಯಾಪರ್ ಎಂದು ಮಾರಿದ 120 ಮಾದರಿಯಲ್ಲಿ ನಿಜವಾದ ರೆಡ್ ಸ್ನ್ಯಾಪರ್ 7 ಮಾತ್ರ. ಏಳು! ಸುಶಿ, ಅಂದರೆ ಜಪಾನಿನ ಅನ್ನ-ಮೀನಿನ ತಿನಿಸು, ಮಾರುವ ಅಂಗಡಿಗಳಲ್ಲಿ ನೂರಕ್ಕೆ 74 ತಪ್ಪು.

ಗೀತಕ್ಕ: ಅದೇ ವರದಿಯಲ್ಲಿ ಸಾಲ್ಮನ್ ತಪ್ಪಿದ್ದು ನೂರಕ್ಕೆ 7. ದಿನಸಿ ಅಂಗಡಿಗಳಲ್ಲಿ 18. ಅದಕ್ಕೇ ಹೇಳಿದ್ದು, 'ಮೀನು' ಎಂದು ಒಟ್ಟಾಗಿ ಹೇಳಬೇಡಿ. ಯಾವ ಮೀನು, ಎಲ್ಲಿ ಕೊಂಡಿದ್ದು ಅಂತ ಹೇಳಿ.

ರಮೇಶ ಮಾವ: ಅಂದರೆ ನಾನು ಹೇಳಿದ್ದೇ ಸರಿ ಅಂತಾಯಿತು.

(ಮಾವನಿಗೆ ಯಾವುದೇ ಉತ್ತರ ಕೊಟ್ಟರೂ ಕೊನೆಗೆ ಸಿಗುವುದು ಈ ವಾಕ್ಯವೇ.)

ಸತೀಶ ಚಿಕ್ಕಪ್ಪ: ಭಾವ, ನೀವು ಯಾವ ಕಾಲದಲ್ಲಿದ್ದೀರಿ? ಮೀನಿನ ವ್ಯಾಪಾರ ನಿಂತಿರುವುದೇ ಹೆಸರಿನ ಮೇಲೆ. 'ಚಿಲಿಯನ್ ಸೀ ಬಾಸ್' ಕೇಳಿದ್ದೀರಾ? ದೊಡ್ಡ ದೊಡ್ಡ ಹೋಟೆಲ್‌ಗಳ ಮೆನುವಿನಲ್ಲಿ ಇರುತ್ತದೆ. ಅದು ಬಾಸ್ ಎಂಬ ಮೀನಿನ ಜಾತಿಯೇ ಅಲ್ಲ. ಅಸಲಿ ಹೆಸರು ಪ್ಯಾಟಗೋನಿಯನ್ ಟೂತ್‌ಫಿಶ್. ಹಲ್ಲುಮೀನು. 1977ರಲ್ಲಿ ಲೀ ಲ್ಯಾಂಟ್ಜ್ ಎಂಬ ಅಮೆರಿಕದ ಮೀನು ವ್ಯಾಪಾರಿ ಆ ಹೊಸ ಹೆಸರಿಟ್ಟ. ಹಲ್ಲುಮೀನು ಅಂದರೆ ಯಾರು ತಿನ್ನುತ್ತಾರೆ ಹೇಳಿ?

ದೊಡ್ಡಮ್ಮ: ನಾನಂತೂ ತಿನ್ನಲ್ಲ.

ಸತೀಶ ಚಿಕ್ಕಪ್ಪ: ನೋಡಿದಿರಾ? ಇನ್ನೊಂದು ಇದೆ, ಆರೆಂಜ್ ರಫಿ. ಮೊದಲು ಅದನ್ನು ಸ್ಲೈಮ್‌ಹೆಡ್ ಅನ್ನುತ್ತಿದ್ದರು. ಲೋಳೆತಲೆ! ಹೆಸರು ಬದಲಾದ ಮೇಲೆ ಮಾರುಕಟ್ಟೆಯಲ್ಲಿ ನುಗ್ಗಿತು. ಮೀನು ಅದೇ, ರುಚಿ ಅದೇ. ಇದನ್ನೂ ಮೋಸ ಅನ್ನುತ್ತೀರಾ?

ವಿನಯ್: ಹೌದು, ಅನ್ನುತ್ತೇನೆ. ಬಾಸ್ ಅಲ್ಲದ್ದನ್ನು ಬಾಸ್ ಅನ್ನುವುದು ಸುಳ್ಳಲ್ಲದೆ ಇನ್ನೇನು ಸತೀಶ ಮಾವ?

ಸತೀಶ ಚಿಕ್ಕಪ್ಪ: ಹಾಗಾದರೆ ನಕ್ಷತ್ರಮೀನು ಮೀನಾ? ತಿಮಿಂಗಿಲವನ್ನು ಮೀನು ಅಂತಲೇ ಓದಿಕೊಂಡು ಎಷ್ಟು ಜನ ದೊಡ್ಡವರಾಗಿಲ್ಲ? ಹೆಸರು ಅಂದರೆ ಗುರುತು ಅಷ್ಟೇ ಮಾರಾಯ. ಎಲ್ಲರೂ ಒಂದೇ ಮೀನಿಗೆ ಒಂದೇ ಹೆಸರು ಹೇಳಿದರೆ ಸಾಕು.

ಇಲ್ಲಿಂದ ಗುಂಪು ಎರಡಾಯಿತು. ಹೊಸ ಹೆಸರಿಡುವುದೂ ಮೋಸವೇ ಎನ್ನುವವರು ಒಂದು ಕಡೆ, ಅಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಚಿಕ್ಕಪ್ಪನ ಕಡೆ. ಗುಂಪಿನಲ್ಲಿ ಹೇಳಲಿಲ್ಲ, ಮಾವ ಆಮೇಲೆ ಫೋನ್ ಮಾಡಿ ಕೇಳುತ್ತಾರೆ ಅಂತ.

ಗೀತಕ್ಕ: ಈ ವಿಷಯದಲ್ಲಿ ಚಿಕ್ಕಪ್ಪ ಹೇಳುವುದರಲ್ಲಿ ಅರ್ಥ ಇದೆ. ಅಮೆರಿಕದಲ್ಲಿ ಯಾವ ಮೀನನ್ನು ಯಾವ ಹೆಸರಿನಲ್ಲಿ ಮಾರಬಹುದು ಎಂಬುದಕ್ಕೆ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಪಟ್ಟಿ ಇದೆ. ಹಲ್ಲುಮೀನಿನ ಹೊಸ ಹೆಸರೂ ಅದರಲ್ಲಿ ಇದೆ. ಯಾರು ಬೇಕಾದರೂ ತೆಗೆದು ನೋಡಬಹುದು. 2022ರಲ್ಲಿ ಇಲಿನಾಯ್ ರಾಜ್ಯದವರು 'ಏಷ್ಯನ್ ಕಾರ್ಪ್' ಮೀನಿಗೆ 'ಕೋಪಿ' ಅಂತ ಹೊಸ ಹೆಸರಿಟ್ಟಿದ್ದು ಊರೆಲ್ಲ ಸಾರಿಯೇ. ನದಿಗಳಲ್ಲಿ ಮಿತಿಮೀರಿ ಬೆಳೆದಿದೆ, ಜನ ತಿಂದಾದರೂ ಕಡಿಮೆ ಮಾಡಲಿ ಎಂದು. ಇದು ಮರುನಾಮಕರಣ. ಇನ್ನೊಬ್ಬರ ಹೆಸರು ಹೇಳಿಕೊಂಡು ಬರುವುದೇ ಬೇರೆ.

ವಿನಯ್: ಆದರೆ ಹೊಸ ಹೆಸರಿನಿಂದ ಆ ಹಲ್ಲುಮೀನಿಗೆ ಏನಾಯಿತು ಅಂತಲೂ ಹೇಳು. ಬೇಡಿಕೆ ಏರಿ, ಕದ್ದು ಹಿಡಿಯುವವರು ಹೆಚ್ಚಾದರು. 2002ರಲ್ಲಿ ಅಮೆರಿಕದ ಅಡುಗೆಯವರೇ 'ಇದನ್ನು ಬಡಿಸುವುದಿಲ್ಲ' ಎಂದು ಚಳವಳಿಗೆ ಸೇರಬೇಕಾಯಿತು. ಆರೆಂಜ್ ರಫಿಯ ಕಥೆಯೂ ಅಷ್ಟೇ. ನೂರು ವರ್ಷಕ್ಕೂ ಜಾಸ್ತಿ ಬದುಕುವ ಮೀನು ಅದು, ಮರಿ ಹಾಕುವ ವಯಸ್ಸಿಗೆ ಬರಲೇ ಎರಡು ಮೂರು ದಶಕ ಬೇಕು. ಒಳ್ಳೆಯ ಹೆಸರು ಬಂದಿದ್ದೇ ಅದಕ್ಕೆ ಶಾಪವಾಯಿತು.

ಸತೀಶ ಚಿಕ್ಕಪ್ಪ: ಅದು ಹೆಸರಿನ ತಪ್ಪಲ್ಲ, ಹೊಟ್ಟೆಬಾಕತನದ ತಪ್ಪು.

ಗೀತಕ್ಕ: ಮೀನು ಮರಿ ಹಾಕುವುದಿಲ್ಲ ವಿನಯ್. ಮೊಟ್ಟೆ.

ವಿನಯ್: ಗೀತಕ್ಕ, ಪ್ಲೀಸ್.

ಗೀತಕ್ಕ: ಕೆಲವು ಹಾಕುತ್ತವೆ. ಇದು ಹಾಕುವುದಿಲ್ಲ.

ದೊಡ್ಡಮ್ಮ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಒಂದರ ಹೆಸರಲ್ಲಿ ಇನ್ನೊಂದು ಕೊಟ್ಟರೂ ಎರಡೂ ಮೀನೇ. ರುಚಿ ಇದ್ದರೆ ನಷ್ಟ ಏನು?

ದೊಡ್ಡಮ್ಮನ ಈ ಪ್ರಶ್ನೆಯನ್ನು ನಾವು ಬೆಳಗಿನಿಂದ ದಾಟಿಕೊಂಡು ಹೋಗಿದ್ದೆವು. ಜಗಳಕ್ಕೆ ತೂಕ ಬಂದಿದ್ದು ಇಲ್ಲಿ.

ಗೀತಕ್ಕ: ಅಮ್ಮ, ಎಸ್ಕೊಲಾರ್ ಎಂಬ ಮೀನಿದೆ. ಬೆಣ್ಣೆಯ ಹಾಗಿರುತ್ತದೆ ಅನ್ನುತ್ತಾರೆ, ರುಚಿಯಲ್ಲಿ ಏನೂ ಕೊರತೆ ಇಲ್ಲ. ಆದರೆ ಅದರ ಕೊಬ್ಬು ಒಂದು ಬಗೆಯ ಮೇಣ. ನಮ್ಮ ಹೊಟ್ಟೆಗೆ ಕರಗುವುದಿಲ್ಲ. ಜಾಸ್ತಿ ತಿಂದರೆ ಎಣ್ಣೆಯಂತೆ ಭೇದಿ ಆಗುತ್ತದೆ, ತಡೆಯಲೂ ಆಗುವುದಿಲ್ಲ. ಜಪಾನಿನಲ್ಲಿ ಅದನ್ನು ಮಾರುವುದನ್ನೇ 1970ರ ದಶಕದಲ್ಲಿ ನಿಷೇಧಿಸಿದರು. ಮಾವ ಹೇಳಿದ ಅದೇ ವರದಿಯಲ್ಲಿ, 'ವೈಟ್ ಟ್ಯೂನಾ' ಎಂದು ಕೊಟ್ಟ ಮಾದರಿಗಳಲ್ಲಿ ನೂರಕ್ಕೆ 84 ಈ ಎಸ್ಕೊಲಾರ್.

ದೊಡ್ಡಮ್ಮ: ಅಯ್ಯೋ.

ವಿನಯ್: ಇನ್ನೂ ಇದೆ ಅತ್ತೆ. 2007ರಲ್ಲಿ ಮಾಂಕ್‌ಫಿಶ್ ಎಂದು ಬರೆದ ಪೆಟ್ಟಿಗೆಯಲ್ಲಿ ಬಂದ ಮೀನು ತಿಂದು ಶಿಕಾಗೋ ಕಡೆ ಇಬ್ಬರು ಹಾಸಿಗೆ ಹಿಡಿದರು. ಒಳಗೆ ಇದ್ದದ್ದು ಉಬ್ಬುಮೀನು, ಪಫರ್‌ಫಿಶ್. ಅದರಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷ ಇರುತ್ತದೆ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಗೀತಕ್ಕ: ಟೈಲ್‌ಫಿಶ್ ಕೂಡ ಸೇರಿಸು. ಪಾದರಸ ಜಾಸ್ತಿ ಇರುವುದರಿಂದ ಬಸುರಿಯರು ತಿನ್ನಬಾರದು ಎಂದು ಎಫ್‌ಡಿಎ ಆಗ ಹೇಳುತ್ತಿದ್ದ ಮೀನು. ನ್ಯೂಯಾರ್ಕ್‌ನಲ್ಲಿ ಅದು ರೆಡ್ ಸ್ನ್ಯಾಪರ್ ಹೆಸರಿನಲ್ಲಿ ಸಿಕ್ಕಿತ್ತು. ಅದನ್ನು ಕೊಂಡ ಬಸುರಿ ಹೆಂಗಸು ತಿನ್ನಬಾರದ ಮೀನುಗಳ ಪಟ್ಟಿ ಓದಿಕೊಂಡೇ ಅಂಗಡಿಗೆ ಹೋಗಿರಬಹುದು. ಏನು ಪ್ರಯೋಜನ?

ಈ ಮೆಸೇಜಿನ ಮೇಲೆ ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿಗೆ ಹತ್ತು ನಿಮಿಷ ಅಂದರೆ ಬಹಳ.

ಸತೀಶ ಚಿಕ್ಕಪ್ಪ: ಇದನ್ನು ನಾನೂ ಮೋಸವೇ ಅನ್ನುತ್ತೇನೆ. ಆದರೆ ಭಾವ, 'ಹೋಟೆಲ್‌ನವರು ಮುಚ್ಚಿಡುತ್ತಿದ್ದಾರೆ' ಅಂತ ಬರೆದಿದ್ದೀರಲ್ಲ, ಅದು ತಪ್ಪು. ಮೀನು ಒಂದು ಸಮುದ್ರದಲ್ಲಿ ಹಿಡಿದದ್ದು, ಇನ್ನೊಂದು ದೇಶದಲ್ಲಿ ತಲೆ, ಚರ್ಮ, ಮುಳ್ಳು ತೆಗೆದದ್ದು, ಮೂರನೇ ದೇಶದಲ್ಲಿ ಮಾರಿದ್ದು. ನಡುವೆ ಎಷ್ಟು ಕೈ! ಹೆಸರು ಎಲ್ಲಿ ಬದಲಾಯಿತೋ ಯಾರು ಕಂಡರು. ಬಿಳಿ ತುಂಡು ಒಂದೇ ನೋಡಿದರೆ ಅಡುಗೆಯವನಿಗೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಹೋಟೆಲ್‌ನವನೂ ಮೋಸ ಹೋದವನೇ.

ರಮೇಶ ಮಾವ: ಅದು ನಾನು ಬರೆದಿದ್ದಲ್ಲ. ಬಂದಿದ್ದನ್ನು ಕಳಿಸಿದೆ.

ಗೀತಕ್ಕ: ಅದೇ ಮಾವ ಸಮಸ್ಯೆ.

ರಮೇಶ ಮಾವ: ಹಾಗಾದರೆ ಸರ್ಕಾರಗಳು ಒಂದೊಂದು ಮೀನಿಗೆ ಒಂದೊಂದೇ ಹೆಸರು ಅಂತ ಕಾನೂನು ಮಾಡಲಿ. ಮುಗಿಯಿತಲ್ಲ.

ಗೀತಕ್ಕ: ಮಾಡಲು ಹೋಗಿ ದೇಶಗಳೇ ಜಗಳ ಆಡಿವೆ. ಐರೋಪ್ಯ ಒಕ್ಕೂಟದವರು, ತಮ್ಮ ಕಡಲಿನ ಒಂದು ಜಾತಿಯನ್ನು ಬಿಟ್ಟು ಬೇರೆ ಯಾವುದರ ಡಬ್ಬಿಯ ಮೇಲೂ 'ಸಾರ್ಡಿನ್' ಎಂದು ಬರೆಯಬಾರದು ಅಂದರು. ಪೆರು ದೇಶದವರು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟರು. 2002ರಲ್ಲಿ ಪೆರು ಗೆದ್ದಿತು. ಎಲ್ಲಿಯ ಸಾರ್ಡಿನ್ ಎಂದು ಸೇರಿಸಿ ಬರೆದರೆ ಆ ಹೆಸರು ಅವರೂ ಬಳಸಬಹುದು ಅಂತಾಯಿತು. ಅದೇ ವರ್ಷ ಅಮೆರಿಕ ತಿರುಗಾ ಮುರುಗಾ ಮಾಡಿತು. ತಮ್ಮ ಕಡೆಯ ಒಂದು ಕುಟುಂಬದ ಮೀನನ್ನು ಮಾತ್ರ 'ಕ್ಯಾಟ್‌ಫಿಶ್' ಅನ್ನಬೇಕು ಎಂದು ಕಾನೂನು. ವಿಯೆಟ್ನಾಮಿನವರು ತಮ್ಮ ಮೀನನ್ನು ಬಾಸಾ, ಟ್ರಾ ಅಂತ ಮಾರಬೇಕಾಯಿತು.

ಸತೀಶ ಚಿಕ್ಕಪ್ಪ: ನಾನು ಹೇಳಲಿಲ್ವಾ? ಹೆಸರೇ ವ್ಯಾಪಾರ.

ವಿನಯ್: ಬ್ರಿಟನ್ನಿನಲ್ಲಿ 'ರಾಕ್ ಸಾಲ್ಮನ್' ಅಂದರೆ ಸಾಲ್ಮನ್ ಅಲ್ಲ, ಸಣ್ಣ ಶಾರ್ಕ್. 'ಲೆಮನ್ ಸೋಲ್'ಗೂ ನಿಂಬೆಗೂ ಸಂಬಂಧ ಇಲ್ಲ, ಅದು ಅಸಲಿ ಸೋಲ್ ಮೀನು ಕೂಡ ಅಲ್ಲ. 'ಡೋವರ್ ಸೋಲ್' ಯುರೋಪಿನಲ್ಲಿ ಒಂದು ಮೀನು, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಇನ್ನೊಂದು. ಮಾಹಿ ಮಾಹಿ ಎಂಬ ಮೀನನ್ನು ಮೊದಲು ಡಾಲ್ಫಿನ್ ಅಂತಲೇ ಮಾರುತ್ತಿದ್ದರು.

ದೊಡ್ಡಮ್ಮ: ಡಾಲ್ಫಿನ್ ತಿನ್ನುತ್ತಾರಾ?! ಪಾಪ!

ವಿನಯ್: ಆ ಡಾಲ್ಫಿನ್ ಅಲ್ಲ ಅತ್ತೆ. ನೀವು ಹೆದರಿದ ಹಾಗೆ ಎಲ್ಲರೂ ಹೆದರುತ್ತಾರೆ ಅಂತಲೇ ಹವಾಯಿಯ ಹೆಸರು ಹಿಡಿದುಕೊಂಡರು.

ಸತೀಶ ಚಿಕ್ಕಪ್ಪ: ಅಂದರೆ ಆ ಹೊಸ ಹೆಸರು ಒಳ್ಳೆಯದೇ ಮಾಡಿತು. ಒಪ್ಪಿಕೊಂಡೆಯಾ?

ವಿನಯ್: ಅದೊಂದಕ್ಕೆ ಮಾತ್ರ.

ರಮೇಶ ಮಾವ: ಸರಿ, ಈಗ ಗುರುತು ಹಿಡಿಯುವುದು ಹೇಗೆ? ಅದು ಹೇಳಿ ಗೀತಾ.

ಗೀತಕ್ಕ: ಸಾಧ್ಯವಾದರೆ ಇಡೀ ಮೀನು ಕೊಳ್ಳಿ. ತಲೆ, ರೆಕ್ಕೆ, ಚರ್ಮ ಇದ್ದರೆ ಸುಳ್ಳು ಹೇಳುವುದು ಕಷ್ಟ. ಯುರೋಪಿನಲ್ಲಿ 2014ರ ಕೊನೆಯಿಂದ ಅಂಗಡಿಯ ತಾಜಾ ಮೀನಿನ ಜೊತೆ ವೈಜ್ಞಾನಿಕ ಹೆಸರು, ಹಿಡಿದ ಜಾಗ, ಸಾಕಿದ್ದೋ ಹಿಡಿದಿದ್ದೋ ಎಂಬುದನ್ನೂ ತಿಳಿಸಬೇಕು. ವೈಜ್ಞಾನಿಕ ಹೆಸರು ಅಂದರೆ, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರ ಪುಸ್ತಕದಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಲ್ಯಾಟಿನ್ ಹೆಸರು ಕೊಟ್ಟನಲ್ಲ, ಆ ಕ್ರಮದ್ದು. ಅದಕ್ಕೆ ಊರು, ದೇಶದ ಹಂಗಿಲ್ಲ.

ರಮೇಶ ಮಾವ: ಅಂದರೆ ನಾನು ಹೋಟೆಲ್‌ನಲ್ಲಿ ಕೂತು ಲ್ಯಾಟಿನ್‌ನಲ್ಲಿ ಆರ್ಡರ್ ಮಾಡಬೇಕಾ?

ವಿನಯ್: ತುಂಡು ತಂದು ಡಿಎನ್‌ಎ ನೋಡಿಸಬಹುದು ಅಪ್ಪ. 2003ರಲ್ಲಿ ಕೆನಡಾದ ವಿಜ್ಞಾನಿ ಪಾಲ್ ಹೇಬರ್ಟ್ ಮತ್ತು ಜೊತೆಯವರು ಪ್ರಾಣಿಗಳ ಒಂದು ಜೀನ್‌ನ ಚಿಕ್ಕ ಭಾಗವನ್ನೇ ಗುರುತಿಗೆ ಬಳಸಬಹುದು ಅಂದರು, ಡಬ್ಬಿಯ ಮೇಲಿನ ಬಾರ್‌ಕೋಡ್ ಹಾಗೆ. 2008ರಲ್ಲಿ ನ್ಯೂಯಾರ್ಕ್‌ನ ಇಬ್ಬರು ಹೈಸ್ಕೂಲ್ ಹುಡುಗಿಯರು ಸುಶಿ ಹೋಟೆಲ್, ಅಂಗಡಿಗಳಿಂದ 60 ಮಾದರಿ ತಂದು ಪರೀಕ್ಷೆಗೆ ಕಳಿಸಿದರು. ಗುರುತು ಸಿಕ್ಕಿದ್ದರಲ್ಲಿ ಕಾಲು ಭಾಗದ ಹೆಸರು ತಪ್ಪಿತ್ತು.

ರಮೇಶ ಮಾವ: ಊಟ ಮಾಡೋದು ಯಾವಾಗ, ಫಲಿತಾಂಶ ಬಂದ ಮೇಲಾ? ಆಯಿತು, ನೀವೆಲ್ಲ ಗೆದ್ದಿರಿ. ಗೀತಾ, ನಾಲ್ಕು ಸಾಲು ಸರಿಯಾಗಿ ಬರೆದುಕೊಡು. ಬಂದ ಗುಂಪಿಗೇ ವಾಪಸ್ ಕಳಿಸುತ್ತೇನೆ.

ನಿಜ ಹೇಳಬೇಕೆಂದರೆ ಮಾವ ಇದನ್ನು ಹೇಳುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಗೀತಕ್ಕ ಬರೆದದ್ದು ನಾಲ್ಕಲ್ಲ, ಹದಿನೈದು ಸಾಲು. ವಿನಯ್ 'ಹೊಸ ಹೆಸರಿಡುವುದೂ ಅರ್ಧ ಮೋಸ' ಎಂದು ಸೇರಿಸಿದ. ಚಿಕ್ಕಪ್ಪ ತೆಗೆಯಬೇಕು ಅಂದರು. ನಾನು ಕತ್ತರಿಸಿ ಇಷ್ಟಕ್ಕೆ ತಂದೆ:

'ಹಿಂದಿನ ಮೆಸೇಜಿನ ಅಂಕಿ 2013ರ ಅಮೆರಿಕದ ವರದಿಯದು. ಅನುಮಾನ ಇದ್ದ ಮೀನುಗಳನ್ನೇ ಆರಿಸಿ ಪರೀಕ್ಷಿಸಿದ್ದರು, ಎಲ್ಲ ಮೀನಿಗೂ ಅದು ಅನ್ವಯಿಸುವುದಿಲ್ಲ. ಕೆಲವು ಅದಲುಬದಲು ಆರೋಗ್ಯಕ್ಕೆ ಅಪಾಯ, ವಿಶೇಷವಾಗಿ ಬಸುರಿಯರಿಗೆ. ತುಂಡಿಗಿಂತ ಇಡೀ ಮೀನಿನಲ್ಲಿ ಗುರುತು ಸುಲಭ.'

ವಿನಯ್: ನನ್ನ ಸಾಲು ಎಲ್ಲಿ?

ಸತೀಶ ಚಿಕ್ಕಪ್ಪ: ಸಮುದ್ರದಲ್ಲಿ.

ರಾತ್ರಿ ಒಂಬತ್ತಕ್ಕೆ ಮಾವ ಮತ್ತೆ ಬಂದರು.

ರಮೇಶ ಮಾವ: ಕಳಿಸಿದೆ. ಹಳೆಯದಕ್ಕೆ 31 ಜನ ಕೈ ಮುಗಿದಿದ್ದರು. ಇದಕ್ಕೆ ಒಬ್ಬರು ಮಾತ್ರ ಉತ್ತರ ಕೊಟ್ಟಿದ್ದಾರೆ. 'ಹಾಗಾದರೆ ತಿನ್ನಬಹುದಾ, ಬೇಡವಾ?' ಅಂತ ಕೇಳಿದ್ದಾರೆ.

ದೊಡ್ಡಮ್ಮ: ಬೆಳಗ್ಗೆಯಿಂದ ನಾನು ಕೇಳುತ್ತಿರುವುದೂ ಅದೇ.