ಪದ ಬೇಕಿದೆ (ತುರ್ತು): ಬ್ಲೋ ಮೋಲ್ಡಿಂಗ್

ಎಲ್ಲರಿಗೂ ವಂದನೆ. ಪ್ಲಾಸ್ಟಿಕ್ ಬಾಟಲಿ ತಯಾರಿಸುವ ಕಾರ್ಖಾನೆಯ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಂತ್ರದ ಮೇಲೆ ಹಾಕುವ ಫಲಕವೂ ಅದರಲ್ಲಿ ಸೇರಿದೆ, ನಾಳೆ ಸಂಜೆಯೊಳಗೆ ಕೊಡಬೇಕು. ಬ್ಲೋ ಮೋಲ್ಡಿಂಗ್‌ಗೆ (ಮೆತ್ತಗಾದ ಪ್ಲಾಸ್ಟಿಕ್ಕಿಗೆ ಅಚ್ಚಿನೊಳಗೆ ಗಾಳಿ ಊದಿ ಬಾಟಲಿ ಮಾಡುವುದು) ‘ಊದೆರಕ’, ಪ್ರಿಫಾರ್ಮ್‌ಗೆ (ಊದಿ ಬಾಟಲಿ ಮಾಡಲು ಮೊದಲೇ ತಯಾರಿಸಿಟ್ಟ ಗಿಡ್ಡ ನಳಿಕೆ) ‘ಪೂರ್ವರೂಪ’ ಎಂದು ಬರೆದಿದ್ದೇನೆ. ಪ್ಯಾರಿಸನ್‌ಗೆ (ಊದುವ ಮೊದಲು ಯಂತ್ರದಿಂದ ಇಳಿಯುವ ಬಿಸಿ, ಮೆತ್ತನೆಯ ಕೊಳವೆ) ಏನೂ ಹೊಳೆದಿಲ್ಲ. ಓದುವವರು ಯಂತ್ರದ ಎದುರು ನಿಂತಿರುವವರು, ನೋಡಿದೊಡನೆ ತಿಳಿಯಬೇಕು.

ಉತ್ತರ 1

ಊದೆರಕ ಖಂಡಿತ ಬೇಡ. ಎರೆದರೆ ಎರಕ. ಇಲ್ಲಿ ಎರೆಯುವುದೇ ಇಲ್ಲ. ಕಾದು ಮೆತ್ತಗಾದ ಪ್ಲಾಸ್ಟಿಕ್ ಕೊಳವೆಯಾಗಿ ಕೆಳಗಿಳಿಯುತ್ತದೆ. ಅಚ್ಚಿನ ಎರಡು ಹೋಳುಗಳು ಅತ್ತಿತ್ತಲಿಂದ ಬಂದು ಮುಚ್ಚಿಕೊಂಡು ಅದರ ಬುಡವನ್ನು ಚಿವುಟುತ್ತವೆ. ಗಾಳಿ ನುಗ್ಗಿದಾಗ ಕೊಳವೆ ಉಬ್ಬಿ, ಅಚ್ಚಿನ ತಣ್ಣನೆ ಗೋಡೆಗೆ ಒತ್ತಿಕೊಂಡು, ಅಲ್ಲೇ ಗಟ್ಟಿಯಾಗುತ್ತದೆ. ಶಾಂಪೂ ಬಾಟಲಿಯ ತಳದಲ್ಲಿ ಒಂದು ಗೆರೆ ಕಾಣುತ್ತದಲ್ಲ, ಅದೇ ಚಿವುಟಿದ ಗುರುತು.

ಆದ್ದರಿಂದ ‘ಊದಚ್ಚು’. ಲೋಪಸಂಧಿ, ಅಷ್ಟೆ. ‘ಊದು’ ಎಂಬ ಧಾತುವನ್ನು, ಅಂದರೆ ಕ್ರಿಯಾಪದದ ಮೂಲವನ್ನು, ನೇರವಾಗಿ ನಾಮಪದಕ್ಕೆ ಸೇರಿಸಬಾರದೆಂದು ಯಾರಾದರೂ ತಕರಾರು ತೆಗೆದರೆ, ಊದುಗೊಳವೆ, ಸುಡುಗಾಡು ಇರುವಾಗ ಅದು ನಿಲ್ಲದು. ಅಚ್ಚು ತಮಿಳು, ತೆಲುಗು, ಮಲಯಾಳಗಳಲ್ಲೂ ಇರುವ ದ್ರಾವಿಡ ಪದ. ಗಾಡಿಯ ಅಚ್ಚು ಬೇರೆ, ಅದು ‘ಅಕ್ಷ’ದ ತದ್ಭವ. ಇವೆರಡನ್ನೂ ಕಲಸಿ ಚರ್ಚೆಯನ್ನು ದಾರಿ ತಪ್ಪಿಸಬೇಡಿ.

ಪ್ಯಾರಿಸನ್‌ಗೆ ‘ಹಸಿಗೊಳವೆ’ ಆದೀತು. ಪ್ರಿಫಾರ್ಮ್‌ಗೆ ‘ಮೊಗ್ಗು’ ಎನ್ನಿ. ಪೆಟ್ ಬಾಟಲಿಯ ಪ್ರಿಫಾರ್ಮ್ ನೋಡಿದ್ದೀರಲ್ಲ, ದಪ್ಪ ಗೋಡೆಯ ಗಿಡ್ಡ ನಳಿಕೆ, ಕತ್ತಿನ ತಿರುಪು ಆಗಲೇ ಪೂರ್ತಿಯಾಗಿರುತ್ತದೆ. ಅದನ್ನು ಸುಮಾರು 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒಳಗಿನಿಂದ ಸಲಾಕೆ ತಳ್ಳಿ ಉದ್ದಕ್ಕೆ ಎಳೆದು, 25ರಿಂದ 40 ಬಾರ್ ಒತ್ತಡದ ಗಾಳಿ ಊದುತ್ತಾರೆ. ಉದ್ದಕ್ಕೂ ಅಗಲಕ್ಕೂ ಹಿಗ್ಗುವುದರಿಂದಲೇ ಅಷ್ಟು ತೆಳು ಗೋಡೆಗೆ ಅಷ್ಟು ಬಲ. ಅರಳುವ ಮೊದಲಿನದು ಮೊಗ್ಗಲ್ಲದೆ ಇನ್ನೇನು?

ಉತ್ತರ 2

ಊದಚ್ಚು ಯಾರ ಬಾಯಲ್ಲೂ ಇಲ್ಲ. ಮೊಗ್ಗಂತೂ ಕವಿತೆಗೆ ಸರಿ, ಕಾರ್ಖಾನೆಗಲ್ಲ. ಯಂತ್ರ ನಡೆಸುವವರು ಬ್ಲೋ ಮೋಲ್ಡಿಂಗ್, ಪ್ರಿಫಾರ್ಮ್ ಎನ್ನುತ್ತಾರೆ, ಅಚ್ಚಿಗೆ ಡೈ ಎನ್ನುತ್ತಾರೆ. ಹಾಗೇ ಬರೆಯಿರಿ. ಪ್ಯಾರಿಸನ್ ಇಂಗ್ಲಿಷಿಗೂ ಎರವಲೇ, ಗಾಜು ಊದುವವರ ಫ್ರೆಂಚ್ ಮಾತು. ಇಂಗ್ಲಿಷಿನವರು ಅದನ್ನು ಬದಲಿಸಿದರೇ? ಊದುಬತ್ತಿಯ ಊದು ಕೂಡ ನಮ್ಮ ಧಾತುವಲ್ಲ, ಅಗರು ಮರಕ್ಕೆ ಅರಬ್ಬಿಯಲ್ಲಿರುವ ಹೆಸರು. ಅದನ್ನೂ ಹೊರಗೆ ಹಾಕೋಣವೇ? ಮತ್ತೆ, ಎರಕವನ್ನು ಅಷ್ಟು ಬೀಸಾಗಿ ತಳ್ಳಿಹಾಕಿದಿರಿ. ಪ್ರಿಫಾರ್ಮ್ ಆಗುವುದೇ ಕರಗಿದ ಪ್ಲಾಸ್ಟಿಕ್ಕನ್ನು ಅಚ್ಚಿನೊಳಗೆ ಒತ್ತಿ ತುಂಬಿ.

ಉತ್ತರ 1ರವರಿಂದ ಮತ್ತೆ

ಕೊನೆಯ ಮಾತು ಒಪ್ಪಿದೆ. ಆ ಹಂತಕ್ಕೆ ‘ಒತ್ತೆರಕ’ ಎನ್ನಬಹುದು, ಊದುವ ಹಂತಕ್ಕಲ್ಲ. ಉಳಿದದ್ದು ಒಪ್ಪುವುದಿಲ್ಲ. ಪ್ಲಾಸ್ಟಿಕ್, ಬಾಟಲಿ ಎಂದು ನಾನೇ ಬರೆದಿದ್ದೇನೆ, ಎರವಲಿನ ಮೇಲೆ ನನಗೆ ಹಗೆಯಿಲ್ಲ. ಇಂಗ್ಲಿಷ್ ಮನೆಮಾತಿನವರಿಗೆ ‘ಬ್ಲೋ’ ಎಂದೊಡನೆ ಗಾಳಿ ನೆನಪಾಗುತ್ತದೆ. ಮೊದಲ ದಿನ ಕೆಲಸಕ್ಕೆ ಬಂದ ನಮ್ಮ ಹುಡುಗನಿಗೆ ಅದು ಬರಿಯ ಸದ್ದು. ‘ಊದಚ್ಚು’ ಎಂದು ಓದಿದರೆ ಒಳಗೆ ಏನು ನಡೆಯುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಧಾತು ಜೀವಂತವಾಗಿರುವ ಕಡೆ ಎರವಲೇಕೆ?

ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಫಲಕದಲ್ಲಿ ‘ಊದಚ್ಚು ಯಂತ್ರ’ ದೊಡ್ಡದಾಗಿ, ಅದರ ಕೆಳಗೆ ‘ಬ್ಲೋ ಮೋಲ್ಡಿಂಗ್’ ಎಂದು ಹಾಕುತ್ತೇನೆ. ಹಸಿಗೊಳವೆ ಇಟ್ಟುಕೊಂಡೆ. ಪ್ರಿಫಾರ್ಮ್ ಹಾಗೇ ಇರಲಿ, ಪೆಟ್ಟಿಗೆಗಳ ಮೇಲೆ ಅದೇ ಹೆಸರಿದೆ, ಎಣಿಕೆ ತಪ್ಪಬಾರದು. ಇನ್ನೊಂದು ಉಳಿದಿದೆ: ಅಚ್ಚು ಚಿವುಟಿದಾಗ ಬಾಟಲಿಯ ಅಂಚಿನಲ್ಲಿ ಉಳಿಯುವ ತೆಳು ಪ್ಲಾಸ್ಟಿಕ್, ಕತ್ತರಿಸಿ ಮತ್ತೆ ಕರಗಿಸಲು ಹಾಕುತ್ತಾರಲ್ಲ, ಫ್ಲ್ಯಾಶ್, ಅದಕ್ಕೆ ಏನೆನ್ನಲಿ?