ಜನ ಒಳಗಿರುವಾಗಲೇ ರೀಡೆವಲಪ್‌ಮೆಂಟ್

"ಫೈರ್‌ಫಾಕ್ಸನ್ನು ಪೂರ್ತಿ ರಸ್ಟ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೊಸದಾಗಿ ಬರೆದುಬಿಡಬೇಕು" ಎಂದ ನಾಗೇಶ. ಇನ್ನೂ ಇಡ್ಲಿ ಮುರಿದಿರಲಿಲ್ಲ.

"ಯಾರು ಬರೆಯೋದು?" ಎಂದ ಸೀನಣ್ಣ.

"ಯಾರಾದರೂ."

"ಒಳ್ಳೇದಾಯ್ತು. ನಮ್ಮ ಟೆರೇಸ್ ಸೋರ್ತಿದೆ, ಅದನ್ನೂ ಅವರಿಗೇ ಹೇಳು."

ಮುಂಬೈ ಮಾಟುಂಗದ ಉಡುಪಿ ಹೋಟೆಲು, ಭಾನುವಾರದ ಬೆಳಿಗ್ಗೆ. ಹೊರಗೆ ಜನ ಕಾಯುತ್ತಿದ್ದರು. ನಾವು ಏಳುವ ಪೈಕಿ ಅಲ್ಲ. ಅಷ್ಟರಲ್ಲಿ ಸೊಸೈಟಿ ಸೆಕ್ರೆಟರಿ ಶೆಟ್ರ ಕಿವಿ ನೆಟ್ಟಗಾಯಿತು.

"ಪೂರ್ತಿ ಹೊಸದಾ? ಬಿಲ್ಡರ್ ಯಾರು?"

"ಶೆಟ್ರೇ, ಇದು ಬ್ರೌಸರ್."

"ಏನಾದರೇನು? ಹಳೇದು ಕೆಡವ್ತೀರಿ ತಾನೆ?"

"ಕೆಡವೋ ಹಾಗೇ ಇಲ್ಲ" ಎಂದ ಸೀನಣ್ಣ. "ಒಳಗೆ ಜನ ಇದ್ದಾರೆ. ಅದಕ್ಕೇ 2016ರ ಆಗಸ್ಟ್‌ನಲ್ಲಿ, 48ನೇ ಆವೃತ್ತಿಯಲ್ಲಿ, ಎಂಪಿ4 ವಿಡಿಯೋ ಫೈಲಿನ ವಿವರ ಓದುವ ತುಂಡನ್ನು ಮಾತ್ರ ರಸ್ಟ್‌ನಲ್ಲಿ ಹಾಕಿದರು. ಕಂಡಕಂಡವರು ಕಳಿಸಿದ ಫೈಲು ಬಂದು ಬೀಳುವ ಜಾಗ ಅದು. ಮೊದಲು ಗೇಟು ಭದ್ರ ಮಾಡಿದರು ಅನ್ನಿ. ಆಮೇಲೆ 2017ರ ನವೆಂಬರ್‌ನಲ್ಲಿ, 57ರಲ್ಲಿ, ಪುಟದ ಬಣ್ಣ, ಅಕ್ಷರ, ಅಂದಚೆಂದ ನೋಡಿಕೊಳ್ಳುವ ಸಿಎಸ್ಎಸ್ ಇಂಜಿನ್. ಅದು ಇಡೀ ಪ್ಲಂಬಿಂಗ್ ಬದಲಾಯಿಸಿದಂತೆ. ಒಬ್ಬ ಬಾಡಿಗೆದಾರನೂ ಮನೆ ಬಿಡಲಿಲ್ಲ."

ನಾಗೇಶ ಸುಮ್ಮನಾಗುವವನಲ್ಲ. "ಕ್ರೋಮ್ ಬ್ರೌಸರ್‌ನ ಮೂಲವಾದ ಕ್ರೋಮಿಯಂನವರೇ ಹೇಳಿದ್ದಾರೆ ಸೀನಣ್ಣ, ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು 70 ಶೇಕಡಾ ಮೆಮೊರಿ ತಪ್ಪುಗಳಂತೆ. ರಸ್ಟ್ ತಡೆಯೋದೇ ಅಂಥವನ್ನು. 2023ರಲ್ಲಿ ಅವರೂ ರಸ್ಟ್‌ಗೆ ಬಾಗಿಲು ತೆರೆದರು."

"ತೆರೆದದ್ದು ಬಾಗಿಲು ಮಾರಾಯ, ಗೋಡೆ ಒಡೆದದ್ದಲ್ಲ. ಅದಿರಲಿ, ನೀನು ಶುರು ಮಾಡಿದ್ದೀಯಾ?"

"ಮಾಡಿದೆ! ಫೈರ್‌ಫಾಕ್ಸ್ ಸೋರ್ಸ್ ಕೋಡ್ ಇಳಿಸಿಕೊಂಡೆ. ಬೇಕಾದ್ದೆಲ್ಲ ಸಜ್ಜು ಮಾಡೋ ಮಾಕ್ ಬೂಟ್‌ಸ್ಟ್ರಾಪ್ ಕಮಾಂಡ್ ಕೊಟ್ಟೆ. ಆರ್ಟಿಫ್ಯಾಕ್ಟ್ ಬಿಲ್ಡ್ ಆರಿಸಿದೆ. ಎಷ್ಟು ಬೇಗ ಮುಗೀತು ಗೊತ್ತಾ?"

ಸೀನಣ್ಣ ಕಾಫಿ ಲೋಟ ಕೆಳಗಿಟ್ಟ. "ಅದರಲ್ಲಿ ಅವರು ಮೊದಲೇ ಕಂಪೈಲ್ ಮಾಡಿಟ್ಟದ್ದು ಇಳಿದು ಬರುತ್ತದೆ. ನೀನು ಬರೆದ ರಸ್ಟನ್ನು ಅದು ಮುಟ್ಟೋದೇ ಇಲ್ಲ. ನಿನಗೆ ತೋರಿಸಿದ್ದು ಸ್ಯಾಂಪಲ್ ಫ್ಲ್ಯಾಟ್."

"ಅದಕ್ಕೇನಾ, ನಾನು ಏನು ಬದಲಾಯಿಸಿದರೂ ಬ್ರೌಸರ್ ಹಾಗೇ ಇರೋದು!"

ಎಲ್ಲವನ್ನೂ ರಸ್ಟ್‌ನಲ್ಲಿ ಬರೆಯಿರಿ ಎನ್ನುವವರು ಈಗ ಎಲ್ಲೆಲ್ಲೂ ಸಿಗುತ್ತಾರೆ. ಬರೆದವರು ಸಿಗುವುದು ಕಡಿಮೆ. ಸಿಕ್ಕರೂ ಇಷ್ಟು ಜೋರಾಗಿ ಮಾತಾಡುವುದಿಲ್ಲ.

"ಸರಿ, ಫುಲ್ ಬಿಲ್ಡ್ ಹಾಕ್ತೇನೆ. ಬೇಕಾದ ಕ್ರೇಟುಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ರಸ್ಟ್ ತುಂಡುಗಳನ್ನು, ನೆಟ್‌ನಿಂದ ಎಳೆದುಕೊಂಡರಾಯ್ತು."

"ಎಳೆಯೋ ಹಾಗಿಲ್ಲ. ಹೊರಗಿನ ಕ್ರೇಟುಗಳ ಪ್ರತಿಯೆಲ್ಲ ಸೋರ್ಸ್ ಒಳಗೇ ಇರಬೇಕು. ಹೊಸದು ತರಬೇಕಾದರೆ ಮಾಕ್ ವೆಂಡರ್ ರಸ್ಟ್ ಅನ್ನೋ ಕಮಾಂಡ್. ಮೇಲಿಂದ ಕಾರ್ಗೋ ವೆಟ್. ಇದನ್ನು ನಂಬಿಕಸ್ಥರು ಯಾರಾದರೂ ಓದಿ ನೋಡಿದ್ದಾರಾ ಅಂತ ಕೇಳುತ್ತದೆ."

"ಎನ್ಓಸಿ!" ಎಂದರು ಶೆಟ್ರು, ಪರಮ ಸಂತೋಷದಿಂದ.

"ಆದರೆ ಮೆಮೊರಿ ಯಾರ ಕೈಲಿದೆ ಅಂತ ನೋಡೋ ರಸ್ಟ್‌ನ ಬಾರೋ ಚೆಕರ್ ಒಪ್ಪಿದರೆ ಸಾಕಲ್ವಾ?" ಎಂದ ನಾಗೇಶ.

"ರಸ್ಟ್ ಕೋಣೆಯೊಳಗೆ ಅದರ ಕಾವಲು. ಬಾಗಿಲಾಚೆ ಸಿ ಪ್ಲಸ್ ಪ್ಲಸ್ ಭಾಷೆಯ ಹಳೇ ಕೋಡು. ಅಲ್ಲಿಂದ ಬಂದ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ, ಯಾರದ್ದು, ಯಾವಾಗ ಅಳಿಸಿಹಾಕ್ತಾರೆ, ಅದಕ್ಕೇನು ಗೊತ್ತು? ಅಲ್ಲಿ ಅನ್‌ಸೇಫ್ ಅಂತ ಬರೆದು ಹೊಣೆ ನೀನೇ ಹೊರಬೇಕು."

"ಪಗಡಿ ರೂಮು!" ಎಂದರು ಶೆಟ್ರು. "ನಮ್ಮದು ಅಂತ ನಾವು, ತನ್ನದು ಅಂತ ಮಾಲೀಕ."

"ಹಾಗೆ ಇದ್ದರೆ ರಸ್ಟ್ ಕಂಪೈಲ್ ಮಾಡಲ್ಲ ಶೆಟ್ರೇ" ಎಂದ ನಾಗೇಶ.

"ಹಾಗಾದರೆ ಮುಂಬೈಯಲ್ಲಿ ಅರ್ಧ ಊರು ಕಂಪೈಲ್ ಆಗಲ್ಲ" ಎಂದ ಸೀನಣ್ಣ.

ಶೆಟ್ರು ನಗಲಿಲ್ಲ. "ನಮ್ಮ ಹಿಂದಿನ ಬಿಲ್ಡಿಂಗ್ ಕೆಡವಿದಾಗ ಎರಡು ವರ್ಷ ಅಂದಿದ್ದರು. ಹೋದವರು ದೂರದ ಡೊಂಬಿವಲಿಯಲ್ಲೇ ಉಳಿದರು. ಮಕ್ಕಳ ಶಾಲೆ ಅಲ್ಲೇ ಆಯ್ತು. ಈಗ ಗಣಪತಿಗೆ ಆರತಿ ಎತ್ತೋಕೂ ನಮ್ಮವರು ನಾಲ್ಕು ಜನ ಇಲ್ಲ."

"ಅಲ್ಲೂ ಅದೇ ಕಥೆ" ಎಂದ ಸೀನಣ್ಣ. "ಆ ಸಿಎಸ್ಎಸ್ ಇಂಜಿನ್ ಬಂದದ್ದು ಸರ್ವೋ ಅನ್ನೋ ಪ್ರಯೋಗದಿಂದ. 2020ರ ಆಗಸ್ಟ್‌ನಲ್ಲಿ ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸುಮಾರು 250 ಜನರನ್ನು ಕೆಲಸದಿಂದ ತೆಗೆದಾಗ ಸರ್ವೋ ತಂಡವೂ ಹೋಯ್ತು. ಅವರು ಹಾಕಿದ ಪೈಪಿನಲ್ಲೇ ಇವತ್ತೂ ನೀರು ಬರ್ತಿದೆ."

ಮಾಣಿ ಬಿಲ್ಲು ತಂದಿಟ್ಟ. ಯಾರೂ ಅತ್ತ ನೋಡಲಿಲ್ಲ.

"ಹಾಗಾದರೆ ನಾನೇನು ಮಾಡಲಿ ಸೀನಣ್ಣ?"

"ಅವರ ದೋಷಗಳ ಪಟ್ಟಿ ಬಗ್‌ಜಿಲ್ಲಾದಲ್ಲಿ, ಹೊಸಬರಿಗೆ ಅಂತಲೇ, ಗುಡ್ ಫಸ್ಟ್ ಬಗ್ ಅಂತ ಗುರುತು ಹಾಕಿಟ್ಟಿರ್ತಾರೆ. ಚಿಕ್ಕದೊಂದು ಹಿಡಿ. ಒಂದು ನಲ್ಲಿ ರಿಪೇರಿ ಮಾಡು. ಆಮೇಲೆ ಕೆಡವೋ ಮಾತು."

"ಫುಲ್ ಬಿಲ್ಡ್‌ಗೆ ಹತ್ತಾರು ಜಿಬಿ ಖಾಲಿ ಇರಬೇಕಂತೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಜಾಗ ಇಲ್ಲ."

ಶೆಟ್ರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ದನಿ ತಗ್ಗಿಸಿದರು. "ಎಫ್ಎಸ್ಐ, ಅದೇ ಎಷ್ಟು ಜಾಗ ಕಟ್ಟಬಹುದು ಅನ್ನೋ ಮಿತಿ, ಜಾಸ್ತಿ ಮಾಡಿಸಬಹುದು. ಮುನ್ಸಿಪಾಲಿಟಿಯಲ್ಲಿ ನಮ್ಮವನೊಬ್ಬ ಇದ್ದಾನೆ."