ಟ್ರಸ್ಟ್‌ನಲ್ಲಿರುವ ಮನೆಯನ್ನು ಹೆಸರಿಗೆ ಮಾಡಿಸಿಕೊಳ್ಳುವ ಮುನ್ನ: ಕ್ಯಾಲಿಫೋರ್ನಿಯಾದ ಅನುಭವಗಳು

ಪ್ರಶ್ನೆ, ಫ್ರೀಮಾಂಟ್‌ನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆತಾಯಿ 2008ರಲ್ಲಿ ಇಲ್ಲಿಯ ತಮ್ಮ ಮನೆಯನ್ನು ಲಿವಿಂಗ್ ಟ್ರಸ್ಟ್‌ಗೆ (ಬದುಕಿರುವಾಗಲೇ ಆಸ್ತಿಯನ್ನು ಸೇರಿಸಿ, ತಮ್ಮ ನಂತರ ಯಾರಿಗೆ ಎಂದು ಬರೆದಿಡುವ ವ್ಯವಸ್ಥೆಗೆ) ಸೇರಿಸಿದ್ದರು. ತಂದೆಯವರು 2016ರಲ್ಲಿ ತೀರಿಕೊಂಡರು. ತಾಯಿಯವರು ಹೋಗಿ ಆರು ವಾರಗಳಾದವು. ಈಗ ನಾನೇ ಟ್ರಸ್ಟಿ, ಅಂದರೆ ಅದನ್ನು ನಡೆಸಬೇಕಾದವನು. ಮನೆ ನನಗೂ ಮೈಸೂರಿನಲ್ಲಿರುವ ನನ್ನ ತಮ್ಮನಿಗೂ ಸಮಪಾಲು ಎಂದು ಟ್ರಸ್ಟ್‌ನಲ್ಲಿ ಬರೆದಿದೆ. ನಾನು ಸಂಸಾರಸಮೇತ ಅಲ್ಲಿಗೆ ಹೋಗಿ ನೆಲೆಸುವವನಿದ್ದೇನೆ. ತಮ್ಮನಿಗೆ ಅವನ ಪಾಲು ಹಣವಾಗಿ ಬಂದರೆ ಸಾಕು. ಸದ್ಯಕ್ಕೆ ಇಬ್ಬರ ಹೆಸರಿಗೂ ಡೀಡ್ (ಹಕ್ಕು ವರ್ಗಾವಣೆ ಪತ್ರ) ಮಾಡಿಸಿ, ಆಮೇಲೆ ಅವನ ಪಾಲನ್ನು ಕೊಂಡುಕೊಳ್ಳೋಣವೆಂದು ಯೋಚಿಸಿದ್ದೇನೆ. ಇದನ್ನು ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಸ್ಯಾನ್ ಹೊಸೆಯಿಂದ:

ತಾಯಿಯವರ ವಿಷಯ ತಿಳಿದು ದುಃಖವಾಯಿತು. ತಾವು ಯೋಚಿಸಿರುವುದನ್ನೇ ನಾನೂ ನನ್ನ ತಂಗಿಯೂ 2022ರಲ್ಲಿ ಮಾಡಿದೆವು. ಅದಕ್ಕಾಗಿ ಈಗ ವರ್ಷವರ್ಷವೂ ದಂಡ ತೆರುತ್ತಿದ್ದೇನೆ. ಆದ್ದರಿಂದ ಇಬ್ಬರ ಹೆಸರಿಗೆ ಡೀಡ್ ಮಾಡಿಸುವ ಯೋಚನೆಯನ್ನು ಇಲ್ಲಿಗೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಕಾರಣ ಆಸ್ತಿ ತೆರಿಗೆ. ಇಲ್ಲಿಯ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಎಂಬ ಕಾನೂನಿನ ಪ್ರಕಾರ ಮನೆಯ ತೆರಿಗೆ ಮೌಲ್ಯ (ತೆರಿಗೆಯ ಲೆಕ್ಕಕ್ಕೆ ಹಿಡಿಯುವ ಬೆಲೆ) ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚು ಏರುವಂತಿಲ್ಲವಾದ್ದರಿಂದ ಹಳೆಯ ಮನೆಗಳಿಗೆ ತೆರಿಗೆ ಬಹಳ ಕಡಿಮೆ. 2021ರ ಫೆಬ್ರವರಿ 16ರಿಂದ ಜಾರಿಗೆ ಬಂದ ಪ್ರೊಪೊಸಿಷನ್ 19, ತಂದೆತಾಯಿಯಿಂದ ಮಕ್ಕಳಿಗೆ ಬರುವ ಮನೆಗಳ ಪೈಕಿ ವಾಸದ ಮನೆಗೆ ಮಾತ್ರ ಆ ಹಳೆಯ ಮೌಲ್ಯವನ್ನು ಉಳಿಸುತ್ತದೆ. ಮಕ್ಕಳಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ಅಲ್ಲಿ ವಾಸಕ್ಕೆ ಬಂದು ಹೋಮ್‌ಓನರ್ಸ್ ಎಕ್ಸೆಂಪ್ಷನ್‌ಗೆ (ಮಾಲೀಕರೇ ವಾಸಿಸುವ ಮನೆಗೆ ಸಿಗುವ ತೆರಿಗೆ ವಿನಾಯಿತಿಗೆ) ಅರ್ಜಿ ಹಾಕಿರಬೇಕು. ಮನೆಯ ಬೆಲೆ ಹಳೆಯ ಮೌಲ್ಯಕ್ಕಿಂತ ಸುಮಾರು ಹತ್ತು ಲಕ್ಷ ಡಾಲರ್‌ಗೂ ಮೀರಿ ಹೆಚ್ಚಿದ್ದರೆ, ಮೀರಿದಷ್ಟು ತೆರಿಗೆ ಲೆಕ್ಕಕ್ಕೆ ಸೇರುತ್ತದೆ. ಇದು ತಂದೆತಾಯಿಯಿಂದ ಮಕ್ಕಳಿಗೆ ಇರುವ ವಿನಾಯಿತಿಯೇ ಹೊರತು ಒಡಹುಟ್ಟಿದವರ ನಡುವೆ ಇಲ್ಲ. ನಾವು ಎಡವಿದ್ದು ಇಲ್ಲಿ. ಮನೆ ಇಬ್ಬರ ಹೆಸರಿಗೆ ಬಂದು, ನಾನು ತಂಗಿಯ ಪಾಲಿಗೆ ಹಣ ಕೊಟ್ಟು ಡೀಡ್ ಬರೆಸಿಕೊಂಡ ದಿನವೇ ಆ ಅರ್ಧ ಇಂದಿನ ಬೆಲೆಗೆ ಮರುಮೌಲ್ಯಮಾಪನವಾಯಿತು. ತೆರಿಗೆ ಮೌಲ್ಯ 4,20,000 ಡಾಲರ್ ಇದ್ದ, ಮಾರುಕಟ್ಟೆಯಲ್ಲಿ 14 ಲಕ್ಷ ಬಾಳುತ್ತಿದ್ದ ಮನೆ ನಮ್ಮದು. ತಂಗಿಯ ಅರ್ಧಕ್ಕೆ 7 ಲಕ್ಷ, ನನ್ನ ಅರ್ಧಕ್ಕೆ ಹಳೆಯ 2,10,000 ಸೇರಿ ಒಟ್ಟು 9,10,000 ಆಯಿತು. ಶೇಕಡಾ 1ರ ಮೂಲ ದರವನ್ನಷ್ಟೇ ಹಿಡಿದರೂ ವರ್ಷಕ್ಕೆ 4,200 ಡಾಲರ್ ಇದ್ದದ್ದು 9,100ಕ್ಕೆ ಏರಿತು.

ಇದೇ ಹಂಚಿಕೆಯನ್ನು ಮನೆ ಟ್ರಸ್ಟ್‌ನಲ್ಲಿ ಇರುವಾಗಲೇ ಮಾಡಿದ್ದರೆ ತೆರಿಗೆ ಏರುತ್ತಿರಲಿಲ್ಲ ಎಂದು ನಮಗೆ ತಡವಾಗಿ ಗೊತ್ತಾಯಿತು. ಒಂದೊಂದು ಸ್ವತ್ತನ್ನೂ ಅರ್ಧರ್ಧ ಮಾಡದೆ, ಒಟ್ಟು ಮೊತ್ತ ಸಮವಾಗುವಂತೆ ಒಬ್ಬರಿಗೆ ಮನೆ, ಇನ್ನೊಬ್ಬರಿಗೆ ಹಣ ಕೊಡುವ ಅಧಿಕಾರ ಟ್ರಸ್ಟಿಗೆ ಇದೆಯೇ ಎಂದು ಮೊದಲು ಟ್ರಸ್ಟ್ ಪತ್ರದಲ್ಲಿ ನೋಡಿಕೊಳ್ಳಿ. ಇದ್ದರೆ, ಮನೆಯ ಮೇಲೆ ಟ್ರಸ್ಟ್ ಹೆಸರಿನಲ್ಲೇ ಹೊರಗಿನ ಸಾಲದಾತರಿಂದ ಸಾಲ ಪಡೆದು, ಆ ಹಣವನ್ನು ತಮ್ಮನಿಗೆ ಅವರ ಪಾಲೆಂದು ಕೊಟ್ಟು, ಸಾಲದ ಸಮೇತ ಮನೆಯನ್ನು ನೇರವಾಗಿ ತಮ್ಮೊಬ್ಬರ ಹೆಸರಿಗೆ ಡೀಡ್ ಮಾಡಬಹುದು. ಬಳಿಕ ತಾವು ಬ್ಯಾಂಕಿನಿಂದ ಮರುಸಾಲ ಪಡೆದು ಆ ಸಾಲವನ್ನು ತೀರಿಸಬಹುದು. ಸಾಲ ಕೊಡುವವರು ಮಾತ್ರ ನಿಜವಾಗಿ ಹೊರಗಿನವರೇ ಆಗಿರಬೇಕು. ತಾವೇ ಸ್ವಂತ ಹಣವನ್ನು ಟ್ರಸ್ಟ್‌ಗೆ ಸಾಲವಾಗಿ ಕೊಟ್ಟರೆ, ತಮ್ಮನ ಪಾಲನ್ನು ತಾವು ಕೊಂಡಂತೆಯೇ ಆಸ್ತಿ ತೆರಿಗೆಗೆ ಮೌಲ್ಯ ಕಟ್ಟುವ ಅಸೆಸರ್ ಕಚೇರಿಯವರು ಲೆಕ್ಕ ಹಿಡಿಯುತ್ತಾರೆ. ಈ ಒಂದು ವಿಷಯಕ್ಕಾದರೂ ಪ್ರೊಪೊಸಿಷನ್ 19 ಬಲ್ಲ ವಕೀಲರಿಗೆ ಶುಲ್ಕ ಕೊಡಿ. ನಾವು ಉಳಿಸಿದೆವೆಂದುಕೊಂಡ ವಕೀಲರ ಶುಲ್ಕ ಒಂದು ವರ್ಷದ ಹೆಚ್ಚುವರಿ ತೆರಿಗೆಗೂ ಸಮನಾಗಿರಲಿಲ್ಲ.

ಆರು ವಾರಗಳಾದವು ಎಂದಿರಿ. ಟ್ರಸ್ಟಿಯಾದವರು 60 ದಿನಗಳೊಳಗೆ ಎಲ್ಲ ವಾರಸುದಾರರಿಗೂ ಫಲಾನುಭವಿಗಳಿಗೂ ಲಿಖಿತ ಸೂಚನೆ ಕಳುಹಿಸಬೇಕು. ಆ ಸೂಚನೆಯಿಂದ 120 ದಿನಗಳವರೆಗೆ ಟ್ರಸ್ಟ್ ಅನ್ನು ಪ್ರಶ್ನಿಸುವ ಅವಕಾಶ ಅವರಿಗಿರುತ್ತದೆ. ಸೂಚನೆಯೇ ಹೋಗದಿದ್ದರೆ ಆ ಗಡುವು ಶುರುವಾಗುವುದೇ ಇಲ್ಲ. ತಮ್ಮ ಒಪ್ಪಿಕೊಂಡಿದ್ದಾನಲ್ಲ ಎಂದು ಇದನ್ನು ಬಿಡಬೇಡಿ. ಮಾಲೀಕರ ಮರಣದ ಬಗ್ಗೆ ಅಸೆಸರ್‌ಗೆ 150 ದಿನಗಳೊಳಗೆ ತಿಳಿಸುವ ನಮೂನೆಯೂ ಇದೆ. ತಾಯಿಯವರು ತೀರಿಕೊಂಡ ದಿನದ ಬೆಲೆಗೆ ಅಪ್ರೈಸರ್ ಒಬ್ಬರಿಂದ ಮೌಲ್ಯಮಾಪನ ವರದಿಯನ್ನೂ ಈಗಲೇ ಪಡೆದಿಟ್ಟುಕೊಳ್ಳಿ. ಮುಂದೆ ಮಾರಿದಾಗ ಬಂಡವಾಳ ಲಾಭದ ತೆರಿಗೆ ಆ ಬೆಲೆಯಿಂದ ಲೆಕ್ಕವಾಗುತ್ತದೆಯೇ ಹೊರತು ತಂದೆಯವರು ಕೊಂಡ ಬೆಲೆಯಿಂದಲ್ಲ.

ಸ್ಯಾಕ್ರಮೆಂಟೊದಿಂದ:

ನಮ್ಮದು ಬೇರೆ ಬಗೆಯ ತೊಡಕು. ಅಪ್ಪ ಬದುಕಿದ್ದಾಗ ಮರುಸಾಲಕ್ಕೆ ಹೋದಾಗ, ಸಾಲ ಕೊಡುವವರು ಮನೆಯನ್ನು ಟ್ರಸ್ಟ್‌ನಿಂದ ಹೊರತೆಗೆದು ಸ್ವಂತ ಹೆಸರಿಗೆ ಮಾಡಿಸಿಕೊಂಡು ಬನ್ನಿ ಎಂದರು. ಅಪ್ಪ ಹಾಗೆಯೇ ಮಾಡಿದರು. ಸಾಲ ಬಂದ ಮೇಲೆ ಮರಳಿ ಟ್ರಸ್ಟ್‌ಗೆ ಸೇರಿಸುವುದನ್ನು ಯಾರೂ ನೆನಪಿಸಲಿಲ್ಲ. ಅವರು ತೀರಿಕೊಂಡಾಗ ಮನೆ ಅವರ ಸ್ವಂತ ಹೆಸರಿನಲ್ಲೇ ಇತ್ತು. ಪ್ರೊಬೇಟ್‌ಗೆ (ನ್ಯಾಯಾಲಯದ ಮೂಲಕ ಆಸ್ತಿ ಹಂಚುವ ಪ್ರಕ್ರಿಯೆಗೆ) ಹೋದರೆ ಹತ್ತು ಲಕ್ಷ ಡಾಲರ್ ಮನೆಗೆ ಕಾನೂನು ಗೊತ್ತುಪಡಿಸಿದ ವಕೀಲರ ಶುಲ್ಕವೇ 23,000 ಡಾಲರ್. ಅದೃಷ್ಟಕ್ಕೆ ಟ್ರಸ್ಟ್‌ನ ಆಸ್ತಿಪಟ್ಟಿಯಲ್ಲಿ ಅಪ್ಪ ತಮ್ಮ ಕೈಯಿಂದಲೇ ಮನೆಯ ವಿಳಾಸವನ್ನು ಬರೆದು ಸಹಿ ಹಾಕಿದ್ದರು. ಆ ಒಂದು ಸಾಲನ್ನು ಆಧರಿಸಿ ನ್ಯಾಯಾಲಯ ಮನೆ ಟ್ರಸ್ಟ್‌ಗೆ ಸೇರಿದ್ದೆಂದು ಆದೇಶ ನೀಡಿತು. ಇಂಥ ಅರ್ಜಿಗಳನ್ನು 1993ರ ಹೆಗ್‌ಸ್ಟಾಡ್ ತೀರ್ಪಿನ ಹೆಸರಿನಿಂದ ಇಲ್ಲಿ ಕರೆಯುತ್ತಾರೆ. ಮರುಸಾಲಕ್ಕೆಂದು ಮನೆ ಹೊರತೆಗೆಯುವವರು ವಾಪಸು ಸೇರಿಸುವ ಡೀಡ್ ಅನ್ನೂ ಅದೇ ವಾರ ನೋಂದಾಯಿಸಿಬಿಡಿ.

ಡೀಡ್ ಬರೆಸುವಾಗ ಇನ್ನೊಂದು ಎಚ್ಚರ. ಕೊಡುವವರ ಹೆಸರು ‘ಇಂಥ ದಿನಾಂಕದ ಇಂಥ ಟ್ರಸ್ಟ್‌ನ ಟ್ರಸ್ಟಿ’ ಎಂದು, ಹಳೆಯ ಡೀಡ್‌ನಲ್ಲಿ ಇದ್ದಂತೆಯೇ ಅಕ್ಷರಶಃ ಇರಬೇಕು. ಹಿಂದಿನ ಟ್ರಸ್ಟಿಗಳ ಮರಣದ ಅಫಿಡವಿಟ್ ಅನ್ನು ಮರಣ ಪ್ರಮಾಣಪತ್ರದೊಂದಿಗೆ ಮೊದಲು ನೋಂದಾಯಿಸಬೇಕು. ನಮ್ಮ ಡೀಡ್ ಒಮ್ಮೆ ನೋಂದಣಿ ಮಾಡುವ ರೆಕಾರ್ಡರ್ ಕಚೇರಿಯಿಂದ ಅಂಚೆಯಲ್ಲಿ ಹಿಂದಿರುಗಿತ್ತು: ನೋಟರಿಯ ಮೊಹರಿನ ಅಂಚು ಸಹಿಯ ಮೇಲೆ ಬಿದ್ದು ಶಾಯಿ ಹರಡಿತ್ತು, ಪ್ರತಿ ತೆಗೆದರೆ ಅಕ್ಷರಗಳು ಓದುವಂತಿರಲಿಲ್ಲ. ಮೊಹರು ಖಾಲಿ ಜಾಗದಲ್ಲಿ ಬೀಳುವಂತೆ ನೋಟರಿಯವರಿಗೆ ಮೊದಲೇ ಹೇಳಿ.

ಮೈಸೂರಿನಿಂದ:

ತಮ್ಮನ ಸ್ಥಾನದಲ್ಲಿದ್ದವನಾಗಿ ಬರೆಯುತ್ತಿದ್ದೇನೆ. ನನ್ನ ಅಣ್ಣನೂ ನಾನೂ ಇಬ್ಬರೂ ಟ್ರಸ್ಟಿಗಳಾಗಿದ್ದುದರಿಂದ ಡೀಡ್‌ಗೆ ನನ್ನ ಸಹಿಯೂ ಬೇಕಿತ್ತು. ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಮಯ ಗೊತ್ತುಮಾಡಿಕೊಂಡು, ಮೊಹರೊಂದಕ್ಕೆ 50 ಡಾಲರ್ ಕೊಟ್ಟು, ಅಧಿಕಾರಿಯ ಎದುರಿನಲ್ಲೇ ಸಹಿ ಹಾಕಿದೆ. ಮನೆಯಲ್ಲೇ ಸಹಿ ಹಾಕಿಕೊಂಡು ಹೋದರೆ ಆಗುವುದಿಲ್ಲ. ಇಲ್ಲಿಯ ನೋಟರಿಯಿಂದ ಮಾಡಿಸಿ ಅಪಾಸ್ಟಿಲ್ (ವಿದೇಶದಲ್ಲಿ ಮಾನ್ಯವಾಗಲು ಸರ್ಕಾರ ಕೊಡುವ ದೃಢೀಕರಣ) ಹಾಕಿಸುವ ದಾರಿಯೂ ಇದೆ.

ನನ್ನ ಹೆಸರೂ ಡೀಡ್‌ನಲ್ಲಿ ಇರಲಿ ಎಂದು ಅಮ್ಮನ ನೆನಪಿಗಾಗಿ ಮೊದಮೊದಲು ನಾನೇ ಹಟ ಹಿಡಿದಿದ್ದೆ. ಹೆಸರು ಸೇರಿದರೆ ಪ್ರತಿವರ್ಷ ಇಲ್ಲಿಯ ಆದಾಯ ತೆರಿಗೆ ರಿಟರ್ನ್‌ನ ಶೆಡ್ಯೂಲ್ ಎಫ್‌ಎ ಭಾಗದಲ್ಲಿ ವಿದೇಶಿ ಆಸ್ತಿಯೆಂದು ತೋರಿಸಬೇಕಾಗುತ್ತದೆ; ಮುಂದೆ ಮಾರಿದಾಗ ಅಮೆರಿಕದ ನಿವಾಸಿಯಲ್ಲದವನೆಂದು ನನ್ನ ಪಾಲಿನ ಮಾರಾಟದ ಮೊತ್ತದಲ್ಲಿ ಶೇಕಡಾ 15ರಷ್ಟನ್ನು ಅಲ್ಲಿಯೇ ಹಿಡಿದುಕೊಳ್ಳುತ್ತಾರೆ. ಇದನ್ನು ಅಣ್ಣ ಬಿಡಿಸಿ ಹೇಳಿದ ಮೇಲೆ, ಪಾಲಿನ ಹಣವನ್ನು ತೆಗೆದುಕೊಂಡು ಮನೆ ಅವನೊಬ್ಬನ ಹೆಸರಿಗೇ ಇರಲಿ ಎಂದೆ. ತಮ್ಮಂದಿರಿಗೂ ಇಷ್ಟು ಲೆಕ್ಕವನ್ನು ಮುಂಚೆಯೇ ತೋರಿಸಿ, ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ಋಣಿ. ಇಬ್ಬರ ಹೆಸರಿನ ಡೀಡ್‌ನ ಕರಡು ಸಿದ್ಧವಾಗಿ ಮೇಜಿನ ಮೇಲೆಯೇ ಇತ್ತು, ಅದನ್ನು ತಡೆಹಿಡಿದಿದ್ದೇನೆ. ಟ್ರಸ್ಟ್ ಪತ್ರವನ್ನು ನಿನ್ನೆ ರಾತ್ರಿ ಪೂರ್ತಿ ಓದಿದೆ, ಸ್ಯಾನ್ ಹೊಸೆಯವರು ಹೇಳಿದ ಅಧಿಕಾರ ಟ್ರಸ್ಟಿಗೆ ಇದೆ. 60 ದಿನಗಳ ಸೂಚನೆಯನ್ನು ನಾಳೆಯೇ ಕಳುಹಿಸುತ್ತೇನೆ. ಸಾಲದ ವಿಷಯಕ್ಕೆ ಸೋಮವಾರ ವಕೀಲರನ್ನು ಕಾಣಲಿದ್ದೇನೆ.